ಮನೆತನದಲ್ಲಿ ಕ್ಯಾನ್ಸರ್ ಇದ್ದರೆ ಜೀನ್ ಪರೀಕ್ಷೆ: ಯಾವುದು, ಮೊದಲು ಯಾರಿಗೆ, ಉತ್ತರ ಬಂದ ಮೇಲೆ ಏನು

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಅಕ್ಕನಿಗೂ ಬಂದಿದೆ, ನಾನು ಜೀನ್ ಟೆಸ್ಟ್ ಮಾಡಿಸಬೇಕಾ? ಈ ಪ್ರಶ್ನೆ ಈಗ ತುಂಬಾ ಮನೆಗಳಲ್ಲಿ ಏಳುತ್ತಿದೆ. ಹುಡುಕಿದವರಿಗೆ ಮೊದಲು ಸಿಗುವುದು ಲ್ಯಾಬುಗಳ ಜಾಹೀರಾತು. ಇಷ್ಟು ಜೀನಿನ ಪ್ಯಾಕೇಜು, ಅಷ್ಟು ಜೀನಿನ ಪ್ಯಾಕೇಜು, ಮನೆ ಬಾಗಿಲಿಗೇ ಬರುವ ಎಂಜಲಿನ ಕಿಟ್. ಇದರಲ್ಲಿ ಯಾವುದು ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಬೇರೆ ಎರಡು ವಿಷಯ ತೀರ್ಮಾನ ಆಗಬೇಕು. ಮನೆಯಲ್ಲಿ ಮೊದಲು ಯಾರ ರಕ್ತ ಕೊಡಬೇಕು? ಉತ್ತರ ಬಂದ ಮೇಲೆ ನೀವು ಏನು ಮಾಡಲು ತಯಾರಿದ್ದೀರಿ? ಇವೆರಡು ಸರಿಯಾದರೆ ಟೆಸ್ಟ್ ಆರಿಸುವುದು ಸುಲಭ. ಇವು ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಕೈಗೆ ಬರುವುದು ಗೊಂದಲವೇ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಓದಿಕೊಂಡು ಹೋಗಲಿ ಅಂತ ಇದನ್ನು ಬರೆದಿದ್ದೇನೆ. ಅವರ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ.

ನಿಮ್ಮ ಮನೆಯದು ನಿಜಕ್ಕೂ ಜೀನಿನ ವಿಷಯವಾ?

ನೂರು ಕ್ಯಾನ್ಸರುಗಳಲ್ಲಿ ಒಂದೇ ಜೀನಿನ ಬಲವಾದ ದೋಷ ಅಪ್ಪ ಅಮ್ಮನಿಂದ ಬಂದು ಆಗುವಂಥವು ಸುಮಾರು 5ರಿಂದ 10 ಮಾತ್ರ. ಉಳಿದವುಗಳ ಹಿಂದೆ ವಯಸ್ಸು, ತಂಬಾಕು, ಮದ್ಯ, ಸೋಂಕು, ಬೊಜ್ಜು ಇರುತ್ತವೆ. ಎಷ್ಟೋ ಸಲ ಜೀವಕೋಶ ಎರಡಾಗುವಾಗ ಸುಮ್ನೆ ಆಗಿಬಿಡುವ ತಪ್ಪೂ ಇರುತ್ತದೆ. ಬಾಯಿ ಕ್ಯಾನ್ಸರ್ ಒಂದೇ ಮನೆಯಲ್ಲಿ ಮೂರು ಜನರಿಗೆ ಬಂದಿದ್ದರೆ ಮೊದಲು ನೋಡಬೇಕಾದದ್ದು ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕಾರಣ ಹೆಚ್‌ಪಿವಿ ವೈರಸ್. ಅದಕ್ಕೆ ಲಸಿಕೆ ಇದೆ, ಜೀನ್ ಟೆಸ್ಟ್ ಬೇಕಿಲ್ಲ.

ಹಾಗಾದರೆ ಯಾವಾಗ ಅನುಮಾನ ಪಡಬೇಕು? ಚಿಕ್ಕ ವಯಸ್ಸಿನಲ್ಲಿ, ಅಂದರೆ 45-50ರ ಒಳಗೆ ಸ್ತನ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಬಂದಾಗ. ಎರಡೂ ಸ್ತನಗಳಲ್ಲಿ ಬಂದಾಗ. ‘ಟ್ರಿಪಲ್ ನೆಗೆಟಿವ್’ (ಇದು ಸ್ತನ ಕ್ಯಾನ್ಸರಿನ ಒಂದು ಬಗೆ) ಅಂತ ಬಯಾಪ್ಸಿಯಲ್ಲಿ ಬರೆದಿದ್ದಾಗ. ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಾಗ. ಒಬ್ಬರಿಗೇ ಎರಡು ಬೇರೆ ಬೇರೆ ಕ್ಯಾನ್ಸರ್ ಆದಾಗ. ಅಂಡಾಶಯದ ಕ್ಯಾನ್ಸರ್ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ವಿಷಯದಲ್ಲಂತೂ ವಯಸ್ಸು ನೋಡುವುದೇ ಬೇಡ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ ಜೀನ್ ಪರೀಕ್ಷೆ ಮಾಡಿಸಿ ಅಂತಲೇ ಈಗಿನ ಸಲಹೆ.

ಇಲ್ಲೊಂದು ತೊಡಕಿದೆ. ನಮ್ಮ ಮನೆಗಳಲ್ಲಿ ಹಿರಿಯರ ಕಾಯಿಲೆಗೆ ಸರಿಯಾದ ಹೆಸರೇ ಇರುವುದಿಲ್ಲ. ‘ಅಜ್ಜಿ ಹೊಟ್ಟೆಯಲ್ಲಿ ಗಡ್ಡೆ ಆಗಿ ಹೋದ್ರು’ ಅಂತಾರೆ. ಅದು ಅಂಡಾಶಯದ್ದಾ, ಗರ್ಭಕೋಶದ್ದಾ, ಕರುಳಿನದ್ದಾ? ಯಾವುದು ಅನ್ನುವುದರ ಮೇಲೆ ಹುಡುಕುವ ಜೀನು ಬದಲಾಗುತ್ತದೆ. ಅಂಡಾಶಯವಾದರೆ ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಎರಡು ಜೀನುಗಳನ್ನು ಮೊದಲು ನೋಡುತ್ತಾರೆ. ಕರುಳು ಅಥವಾ ಗರ್ಭಕೋಶದ ಒಳಪದರವಾದರೆ ಲಿಂಚ್ ಸಿಂಡ್ರೋಮಿನ, ಅಂದರೆ ಈ ಎರಡು ಕ್ಯಾನ್ಸರಿನ ಅಪಾಯ ಮನೆತನದಲ್ಲಿ ಇಳಿದುಬರುವ ಸ್ಥಿತಿಯ, ಜೀನುಗಳನ್ನು. ಗರ್ಭಕೋಶದ ಬಾಯಿಯದ್ದಾದರೆ ಜೀನಿಗೂ ಅದಕ್ಕೂ ಹೆಚ್ಚಾಗಿ ಸಂಬಂಧವಿಲ್ಲ. ಅದಕ್ಕೇ ಟೆಸ್ಟಿಗೆ ದುಡ್ಡು ಕಟ್ಟುವ ಮುಂಚೆ ಹಳೇ ಟ್ರಂಕು, ಬೀರು ಹುಡುಕಿ. ಒಂದು ಹಳೇ ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಚೀಟಿ ಸಿಕ್ಕರೆ ಸಾಕು, ಅರ್ಧ ಕೆಲಸ ಆದ ಹಾಗೆ. ಅಪ್ಪನ ಕಡೆಯವರನ್ನು ಬಿಡಬೇಡಿ. ಸೋದರತ್ತೆಯ ಸ್ತನ ಕ್ಯಾನ್ಸರು ಚಿಕ್ಕಮ್ಮನ ಸ್ತನ ಕ್ಯಾನ್ಸರಿನಷ್ಟೇ ಮುಖ್ಯ. ಜೀನು ಅಪ್ಪನಿಂದಲೂ ಬರುತ್ತದೆ ಅಲ್ವಾ? ಆದರೂ ಮನೆಯ ಚರಿತ್ರೆ ಹೇಳುವಾಗ ನಾವು ಅಮ್ಮನ ತವರಿನ ಮಾತು ಮಾತ್ರ ಹೇಳಿ ಎದ್ದು ಬರುತ್ತೇವೆ.

ಬರುವುದು ಕ್ಯಾನ್ಸರ್ ಅಲ್ಲ, ಅಪಾಯ

ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ. ಒಂದು ಅಪ್ಪನದು, ಒಂದು ಅಮ್ಮನದು. ಕ್ಯಾನ್ಸರ್ ತಡೆಯುವ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ಆ ಇನ್ನೊಂದೂ ಯಾವುದೋ ಒಂದು ಜೀವಕೋಶದಲ್ಲಿ ಕೆಟ್ಟಾಗ ತೊಂದರೆ ಶುರು. ಆಲ್ಫ್ರೆಡ್ ನುಡ್ಸನ್ ಅನ್ನುವ ವೈದ್ಯ ವಿಜ್ಞಾನಿ ಮಕ್ಕಳ ಕಣ್ಣಿನ ಕ್ಯಾನ್ಸರನ್ನು ಅಧ್ಯಯನ ಮಾಡಿ 1971ರಲ್ಲಿ ಈ ‘ಎರಡು ಪೆಟ್ಟಿನ’ ವಿಚಾರ ಮುಂದಿಟ್ಟರು. ಹುಟ್ಟಿನಿಂದ ಒಂದು ಪೆಟ್ಟು ತಿಂದವರಿಗೆ ಇನ್ನೊಂದೇ ಸಾಕು. ಅದಕ್ಕೇ ಅವರಿಗೆ ಕ್ಯಾನ್ಸರ್ ಬೇಗ ಬರುತ್ತದೆ, ಒಂದಕ್ಕಿಂತ ಜಾಸ್ತಿ ಕಡೆ ಬರುತ್ತದೆ. ಎರಡನೇ ಪೆಟ್ಟು ಬೀಳದೆ ಪೂರ್ತಿ ಆಯಸ್ಸು ಬದುಕಿದವರೂ ಇದ್ದಾರೆ.

ಒಂದು ಬದಲಾವಣೆಯನ್ನು ಹತ್ತಿರದಿಂದ ನೋಡೋಣ. ಬಿಆರ್‌ಸಿಎ1 ಜೀನು 17ನೇ ಕ್ರೋಮೋಸೋಮಿನಲ್ಲಿದೆ ಅಂತ ಅಮೆರಿಕದ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿಕೊಟ್ಟರು. 1994ರಲ್ಲಿ ಜೀನೇ ಕೈಗೆ ಸಿಕ್ಕಿತು. ಡಿಎನ್‌ಎ ಒಡೆದಾಗ ರಿಪೇರಿ ಮಾಡುವ ಪ್ರೋಟೀನಿಗೆ ಇದು ನಕ್ಷೆ. ಆ ಪ್ರೋಟೀನಿನಲ್ಲಿ 1863 ಅಮೈನೋ ಆಮ್ಲಗಳ ಸಾಲು ಇದೆ. ‘185ಡೆಲ್‌ಎಜಿ’ ಅನ್ನುವ ಬದಲಾವಣೆಯಲ್ಲಿ ಜೀನಿನ ಶುರುವಿನಲ್ಲೇ ಎರಡು ಅಕ್ಷರ, ಒಂದು ‘ಎ’ ಮತ್ತು ಒಂದು ‘ಜಿ’, ಬಿಟ್ಟುಹೋಗಿರುತ್ತವೆ. ಜೀವಕೋಶ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ. ಎರಡು ಕಡಿಮೆಯಾದ ಕೂಡಲೇ ಮುಂದಿನ ಓದೆಲ್ಲ ಜರುಗಿ, 39ನೇ ಸ್ಥಾನದಲ್ಲಿ ‘ನಿಲ್ಲು’ ಅನ್ನುವ ಗುರುತು ಬಂದುಬಿಡುತ್ತದೆ. 1863ರ ಬದಲು ಮೂವತ್ತೆಂಟಕ್ಕೇ ಪ್ರೋಟೀನು ಮುಗಿಯುತ್ತದೆ. ಪೂರ್ವ ಯುರೋಪಿನ ಮೂಲದ ಯಹೂದಿಗಳಲ್ಲಿ ನೂರರಲ್ಲಿ ಸುಮಾರು ಒಬ್ಬರಲ್ಲಿ ಇದು ಇರುತ್ತದೆ. ನಮಗೇನು ಸಂಬಂಧ ಅಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಹೆಂಗಸರಲ್ಲಿ ಇದೇ ಬದಲಾವಣೆ ಮತ್ತೆ ಮತ್ತೆ ಸಿಕ್ಕಿದ್ದನ್ನು 2009ರಲ್ಲಿ ಪ್ರಕಟಿಸಿದ್ದಾರೆ.

ಅಪಾಯ ಎಷ್ಟು? ಸುಮಾರು 10,000 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಬಂದ ದೊಡ್ಡ ಅಧ್ಯಯನ ಒಂದಿದೆ. ಅದರಂತೆ ಬಿಆರ್‌ಸಿಎ1 ಕೆಟ್ಟಿದ್ದರೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 72, ಅಂಡಾಶಯದ್ದು ಶೇ 44. ಬಿಆರ್‌ಸಿಎ2 ಆದರೆ ಶೇ 69 ಮತ್ತು ಶೇ 17. ಈ ಹೆಂಗಸರು ಹೆಚ್ಚಿನವರು ಪಾಶ್ಚಾತ್ಯ ದೇಶಗಳವರು, ಅದು ನೆನಪಿರಲಿ. ಭಾರತದ ಸಾಮಾನ್ಯ ಹೆಂಗಸರಲ್ಲಿ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವುದು ಸುಮಾರು ಮೂವತ್ತರಲ್ಲಿ ಒಬ್ಬರಿಗೆ. ಎಲ್ಲ ಜೀನೂ ಇಷ್ಟು ಬಲವಾಗಿರುವುದಿಲ್ಲ. ಪಿಎಎಲ್‌ಬಿ2 ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಅರ್ಧದ ಆಸುಪಾಸು. ಸಿಎಚ್‌ಇಕೆ2, ಎಟಿಎಂ ಕೆಟ್ಟರೆ ಶೇ 20-30ರ ಹತ್ತಿರ. ‘ಕ್ಯಾನ್ಸರ್ ಜೀನ್ ಪಾಸಿಟಿವ್’ ಅನ್ನುವ ಒಂದೇ ಮಾತಿಗೆ ಇಷ್ಟೊಂದು ಬೇರೆ ಬೇರೆ ಅರ್ಥ. ರಿಪೋರ್ಟು ಬಂದಾಗ ಮೊದಲು ಕೇಳಬೇಕಾದದ್ದು ಯಾವ ಜೀನು ಅಂತ.

ಮೊದಲು ಯಾರ ರಕ್ತ?

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕ್ಯಾನ್ಸರ್ ಬಂದವರು ಇದ್ದರೆ, ಮೊದಲ ಟೆಸ್ಟ್ ಅವರದ್ದು. ಹೆದರಿಕೊಂಡಿರುವ ಆರೋಗ್ಯವಂತರದ್ದಲ್ಲ.

ಅಕ್ಕನಿಗೆ 38ಕ್ಕೆ ಸ್ತನ ಕ್ಯಾನ್ಸರ್ ಬಂದಿದೆ, ತಂಗಿಗೆ 34, ಆರೋಗ್ಯವಾಗಿದ್ದಾಳೆ ಅಂದುಕೊಳ್ಳಿ. ಅಕ್ಕನಿಗೆ ಈಗಾಗಲೇ ಕೀಮೋ ಖರ್ಚು, ಅವಳಿಗೆ ಯಾಕೆ ತೊಂದರೆ ಅಂತ ತಂಗಿಯೇ ಹೋಗಿ ಟೆಸ್ಟ್ ಮಾಡಿಸುತ್ತಾಳೆ. ನೆಗೆಟಿವ್ ಬರುತ್ತದೆ. ಮನೆಯವರಿಗೆಲ್ಲ ಸಮಾಧಾನ. ಆದರೆ ಈ ನೆಗೆಟಿವ್‌ಗೆ ಎರಡು ಅರ್ಥ ಇರಬಹುದು. ಅಕ್ಕನಲ್ಲಿರುವ ದೋಷ ತಂಗಿಗೆ ಬಂದಿಲ್ಲ ಅನ್ನುವುದು ಒಂದು. ಮನೆತನದಲ್ಲಿರುವ ದೋಷವನ್ನು ಈ ಟೆಸ್ಟ್ ಹಿಡಿಯಲೇ ಇಲ್ಲ ಅನ್ನುವುದು ಇನ್ನೊಂದು. ತಂಗಿಯ ರಿಪೋರ್ಟ್ ಒಂದನ್ನೇ ಇಟ್ಟುಕೊಂಡು ಇದರಲ್ಲಿ ಯಾವುದು ಅಂತ ಹೇಳಲು ಯಾವ ಡಾಕ್ಟರಿಂದಲೂ ಆಗುವುದಿಲ್ಲ. ಅಕ್ಕನಲ್ಲಿ ದೋಷ ಮೊದಲೇ ಸಿಕ್ಕಿದ್ದು, ಅದೇ ದೋಷ ತಂಗಿಯಲ್ಲಿ ಇಲ್ಲ ಅಂತಾದರೆ ಮಾತ್ರ ಅದು ನಿಜವಾದ ನೆಗೆಟಿವ್. ಆಗ ತಂಗಿಯ ಅಪಾಯ ಹೆಚ್ಚುಕಡಿಮೆ ಊರಿನ ಬೇರೆ ಹೆಂಗಸರಷ್ಟೇ.

ಅಕ್ಕನಿಗೂ ಇದರಿಂದ ಲಾಭ ಇದೆ. ಬಿಆರ್‌ಸಿಎ ದೋಷ ಇರುವ ಕ್ಯಾನ್ಸರಿಗೆ ಒಲಾಪರಿಬ್‌ನಂಥ ಮಾತ್ರೆಗಳು ಕೆಲಸ ಮಾಡುತ್ತವೆ. ಆಪರೇಷನ್ ಎಷ್ಟು ದೊಡ್ಡದು ಮಾಡಬೇಕು ಅನ್ನುವುದೂ ಈ ಉತ್ತರದ ಮೇಲೆ ಬದಲಾಗಬಹುದು. ಮೊದಲ ಸ್ತನ ಕ್ಯಾನ್ಸರ್ ಆದ 20 ವರ್ಷದೊಳಗೆ ಇನ್ನೊಂದು ಸ್ತನದಲ್ಲಿ ಬರುವ ಸಾಧ್ಯತೆ ಬಿಆರ್‌ಸಿಎ1 ಇದ್ದವರಲ್ಲಿ ಶೇ 40, ಬಿಆರ್‌ಸಿಎ2 ಇದ್ದವರಲ್ಲಿ ಶೇ 26 ಅಂತ ಅದೇ 2017ರ ಅಧ್ಯಯನ ಹೇಳುತ್ತದೆ.

ಟೆಸ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

*ಹಲವು ಜೀನುಗಳ ಪ್ಯಾನೆಲ್.* ಮನೆಯಲ್ಲಿ ಮೊದಲು ಟೆಸ್ಟ್ ಮಾಡಿಸುವವರಿಗೆ ಇದೇ ಸರಿ. ರಕ್ತ ಕೊಟ್ಟರೆ ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ರಿಪೋರ್ಟ್. ಜೀನುಗಳ ಸಂಖ್ಯೆ ನೋಡಿ ಆರಿಸಬೇಡಿ. ಜಾಸ್ತಿ ಜೀನು ಅಂದರೆ ಜಾಸ್ತಿ ಒಳ್ಳೆಯದು ಅಂತ ಅಲ್ಲ, ಅರ್ಥವಾಗದ ಉತ್ತರಗಳೂ ಜಾಸ್ತಿ. ಸ್ತನ, ಅಂಡಾಶಯ, ಕರುಳಿಗೆ ಸಂಬಂಧಿಸಿದ, ಚೆನ್ನಾಗಿ ಗೊತ್ತಿರುವ ಜೀನುಗಳು ಇದ್ದರೆ ಸಾಕು. ಅದಕ್ಕಿಂತ ಮುಖ್ಯವಾಗಿ ಲ್ಯಾಬಿಗೆ ಇನ್ನೆರಡು ಪ್ರಶ್ನೆ ಕೇಳಿ. ಜೀನಿನ ದೊಡ್ಡ ತುಂಡೇ ಬಿಟ್ಟುಹೋಗಿದ್ದರೆ ಅಥವಾ ಎರಡೆರಡು ಸಲ ಬಂದಿದ್ದರೆ ಈ ಟೆಸ್ಟ್ ಹಿಡಿಯುತ್ತದಾ? ರಿಪೋರ್ಟ್ ಬಂದ ಮೇಲೆ ಅದನ್ನು ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ಕೂತು ಮಾತಾಡುತ್ತಾರಾ? ಎರಡಕ್ಕೂ ಹೌದು ಅನ್ನುವ ಲ್ಯಾಬನ್ನು ಸ್ವಲ್ಪ ದುಬಾರಿಯಾದರೂ ಆರಿಸಿ. ರೋಗಿಗೆ ರಕ್ತದ ಕ್ಯಾನ್ಸರ್ ಇದ್ದರೆ ರಕ್ತದ ಅಥವಾ ಎಂಜಲಿನ ಸ್ಯಾಂಪಲ್ ದಾರಿ ತಪ್ಪಿಸಬಹುದು, ಚರ್ಮದ ಸ್ಯಾಂಪಲ್ ಬೇಕಾಗುತ್ತದೆ. ಇದನ್ನು ಮೊದಲೇ ಹೇಳಿ.

*ಒಂದೇ ಬದಲಾವಣೆಯ ಟೆಸ್ಟ್.* ಅಕ್ಕನಲ್ಲಿ ದೋಷ ಸಿಕ್ಕಿದ ಮೇಲೆ ತಂಗಿ, ಅಣ್ಣ, ಚಿಕ್ಕಮ್ಮ, ದೊಡ್ಡಮ್ಮನ ಮಕ್ಕಳಿಗೆ ಇದು. ಮನೆ ನಂಬರ್ ಕೈಯಲ್ಲಿದ್ದಾಗ ಊರೆಲ್ಲ ಸುತ್ತಬೇಕಾಗಿಲ್ಲವಲ್ಲ, ಆ ಒಂದು ಜಾಗ ಮಾತ್ರ ನೋಡುತ್ತಾರೆ. ಪ್ಯಾನೆಲ್‌ಗಿಂತ ಖರ್ಚು ತುಂಬಾ ಕಡಿಮೆ, ಉತ್ತರ ಖಚಿತ. ಹೌದು ಅಥವಾ ಇಲ್ಲ, ನಡುವೆ ಏನಿಲ್ಲ. ಆದರೆ ಇನ್ನೊಂದು ಕಡೆಯಿಂದಲೂ ಮನೆಯಲ್ಲಿ ಕ್ಯಾನ್ಸರ್ ಇದ್ದರೆ, ಉದಾಹರಣೆಗೆ ಅಮ್ಮನ ಕಡೆ ಬಿಆರ್‌ಸಿಎ ಸಿಕ್ಕಿದೆ, ಅಪ್ಪನ ಕಡೆ ಮೂವರಿಗೆ ಕರುಳಿನ ಕ್ಯಾನ್ಸರ್ ಇದೆ ಅಂದರೆ, ಪ್ಯಾನೆಲ್ ಮಾಡಿಸುವುದೇ ಒಳ್ಳೆಯದು.

*ಗಡ್ಡೆಯ ಪರೀಕ್ಷೆ.* ಕರುಳಿನ ಅಥವಾ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆಪರೇಷನ್ ಆದಾಗ ತೆಗೆದ ತುಂಡಿನಲ್ಲಿ ನಾಲ್ಕು ರಿಪೇರಿ ಪ್ರೋಟೀನು ಇವೆಯಾ ಅಂತ ಬಣ್ಣ ಹಾಕಿ ನೋಡುತ್ತಾರೆ. ಎಂಎಂಆರ್ ಟೆಸ್ಟ್ ಅಂತ ಕೇಳಿ. ಜೀನ್ ಪ್ಯಾನೆಲ್‌ಗಿಂತ ಅಗ್ಗ. ಪ್ರೋಟೀನು ಕಾಣೆಯಾಗಿದ್ದರೆ ಲಿಂಚ್ ಅನುಮಾನ ಬಲವಾಗುತ್ತದೆ. ತೀರಿಹೋದವರ ವಿಷಯದಲ್ಲೂ ಇದರಿಂದ ಸಹಾಯ ಆಗಬಹುದು, ಮೇಣದಲ್ಲಿ ಇಟ್ಟ ತುಂಡು ಆಸ್ಪತ್ರೆಯಲ್ಲಿ ಉಳಿದಿರುವುದುಂಟು. ಗಡ್ಡೆಯಲ್ಲಿ ಬಿಆರ್‌ಸಿಎ ದೋಷ ಸಿಕ್ಕರೆ ಅದು ಹುಟ್ಟಿನಿಂದ ಬಂದದ್ದೋ, ಗಡ್ಡೆಯಲ್ಲೇ ಹುಟ್ಟಿಕೊಂಡದ್ದೋ ಅಂತ ರಕ್ತ ಕೊಟ್ಟು ಖಾತ್ರಿ ಮಾಡಿಕೊಳ್ಳಬೇಕು.

*ಮನೆಗೆ ಬರುವ ಕಿಟ್.* ಅಮೆರಿಕದಲ್ಲಿರುವ ನಮ್ಮವರು ಇದನ್ನು ಜಾಸ್ತಿ ಕೇಳುತ್ತಾರೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಟ್ವೆಂಟಿತ್ರೀಆಂಡ್‌ಮಿ ಕಂಪನಿಯ ಬಿಆರ್‌ಸಿಎ ಟೆಸ್ಟಿಗೆ ಒಪ್ಪಿಗೆ ಕೊಟ್ಟಾಗ ಅದು ನೋಡುತ್ತಿದ್ದದ್ದು ಮೂರೇ ಬದಲಾವಣೆ. ಮೂರೂ ಯಹೂದಿಗಳಲ್ಲಿ ಸಾಮಾನ್ಯವಾದವು. ಈ ಎರಡು ಜೀನುಗಳಲ್ಲಿ ಅಪಾಯದ ಬದಲಾವಣೆ ಸಾವಿರಾರು ಇವೆ. ಇಂಥ ಕಿಟ್‌ನಲ್ಲಿ ‘ಏನೂ ಸಿಕ್ಕಿಲ್ಲ’ ಅಂತ ಬಂದರೆ ಧಾರವಾಡದಿಂದ ಡಲ್ಲಸ್‌ಗೆ ಹೋದವರಿಗೆ ಅದರಿಂದ ಗೊತ್ತಾಗುವುದು ತೀರಾ ಕಡಿಮೆ. ಕೆಲವರು ಕಿಟ್‌ನ ಕಚ್ಚಾ ಡೇಟಾ ಇಳಿಸಿಕೊಂಡು ಬೇರೆ ವೆಬ್‌ಸೈಟಿಗೆ ಹಾಕಿ ಓದಿಸುತ್ತಾರೆ. ಹಾಗೆ ಸಿಕ್ಕ ಬದಲಾವಣೆಗಳನ್ನು ಒಂದು ಲ್ಯಾಬ್ ಮತ್ತೆ ಪರೀಕ್ಷಿಸಿದಾಗ ಶೇ 40ರಷ್ಟು ಸುಳ್ಳು ಅಂತ ತಿಳಿದದ್ದು 2018ರಲ್ಲೇ ಪ್ರಕಟವಾಗಿದೆ. ಮನೆತನದಲ್ಲಿ ಕ್ಯಾನ್ಸರ್ ಇರುವವರು ಈ ದಾರಿ ಹಿಡಿಯಬೇಡಿ ಅನ್ನುವುದೇ ನನ್ನ ಸ್ಪಷ್ಟ ಮಾತು.

ಇಡೀ ಎಕ್ಸೋಮ್, ಅಂದರೆ ಎಲ್ಲ ಜೀನುಗಳಲ್ಲಿ ಪ್ರೋಟೀನಿನ ನಕ್ಷೆ ಇರುವ ಭಾಗ, ಓದಿಸುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ನೂರಾರು ಚಿಕ್ಕಪುಟ್ಟ ಬದಲಾವಣೆ ಕೂಡಿಸಿ ಅಂಕ ಕೊಡುವ ‘ಪಾಲಿಜೆನಿಕ್ ಸ್ಕೋರ್’ ಕೂಡ ಮಾರಾಟಕ್ಕಿದೆ. ಅವುಗಳನ್ನು ಕಟ್ಟಿದ್ದು ಹೆಚ್ಚಾಗಿ ಯುರೋಪಿನ ಜನರ ಮಾಹಿತಿಯ ಮೇಲೆ. ಸದ್ಯಕ್ಕೆ ಅದರ ಮೇಲೆ ನಂಬಿಕೆ ಇಟ್ಟು ಯಾವ ತೀರ್ಮಾನವೂ ಬೇಡ.

ರಿಪೋರ್ಟಿನ ನಡುವಿನ ಉತ್ತರ

‘ಪ್ಯಾಥೊಜೆನಿಕ್’ ಅಥವಾ ‘ಲೈಕ್ಲಿ ಪ್ಯಾಥೊಜೆನಿಕ್’ ಅಂತಿದ್ದರೆ ಪಾಸಿಟಿವ್. ‘ನೆಗೆಟಿವ್’ ಬಗ್ಗೆ ಆಗಲೇ ಹೇಳಿದೆ. ನಡುವೆ ಒಂದಿದೆ, ‘ವಿಯುಎಸ್’. ಬದಲಾವಣೆ ಕಂಡಿದೆ, ಅದರಿಂದ ಕೆಡುಕಿದೆಯಾ ಇಲ್ಲವಾ ಇನ್ನೂ ತೀರ್ಮಾನವಾಗಿಲ್ಲ ಅಂತ ಅರ್ಥ. ಭಾರತೀಯರ ಜೀನುಗಳ ಮಾಹಿತಿ ಜಗತ್ತಿನ ಡೇಟಾದಲ್ಲಿ ಕಡಿಮೆ ಇರುವುದರಿಂದ ನಮಗೆ ಈ ಉತ್ತರ ಬರುವ ಸಾಧ್ಯತೆ ಜಾಸ್ತಿ. ಮುಂದೆ ತೀರ್ಮಾನವಾದಾಗ ಹೆಚ್ಚಿನವು ನಿರಪಾಯ ಅಂತಲೇ ಬರುತ್ತವೆ. ವಿಯುಎಸ್ ನೋಡಿ ಸ್ತನ, ಅಂಡಾಶಯ ತೆಗೆಸುವುದು ತಪ್ಪು. ಅದೇ ಬದಲಾವಣೆಯನ್ನು ಮನೆಯವರಲ್ಲೆಲ್ಲ ಹುಡುಕಿಸಿ ದುಡ್ಡು ಖರ್ಚು ಮಾಡುವುದೂ ಬೇಡ. ಆಗ ಅಪಾಯವನ್ನು ಮನೆಯ ಚರಿತ್ರೆ ನೋಡಿಯೇ ಅಳೆಯಬೇಕು. ವರ್ಷ ಎರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಕೇಳುತ್ತಿರಿ, ಉತ್ತರ ಬದಲಾಗಿರಬಹುದು.

ಬಿಆರ್‌ಸಿಎ ಪಾಸಿಟಿವ್: ಎರಡು ಅಂಗ, ಎರಡು ಬೇರೆ ಲೆಕ್ಕ

ಸ್ತನದ ವಿಷಯದಲ್ಲಿ ಎರಡು ದಾರಿ ಇವೆ, ಎರಡೂ ಮರ್ಯಾದೆಯ ದಾರಿ.

ಒಂದು, ಹುಷಾರಾಗಿ ಕಾಯುವುದು. 25ರಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30ರಿಂದ ಅದರ ಜೊತೆಗೆ ಮ್ಯಾಮೋಗ್ರಾಂ. ಇದರಿಂದ ಕ್ಯಾನ್ಸರ್ ಬರುವುದು ತಪ್ಪುವುದಿಲ್ಲ, ಚಿಕ್ಕದಿದ್ದಾಗ ಸಿಗುತ್ತದೆ. ಬಿಆರ್‌ಸಿಎ1 ಇರುವ ಹೆಂಗಸರಲ್ಲಿ ಎಂಆರ್‌ಐ ತಪಾಸಣೆ ಮಾಡಿಸಿಕೊಂಡವರಿಗೆ ಸ್ತನ ಕ್ಯಾನ್ಸರಿನ ಸಾವು ಬಹಳ ಕಡಿಮೆ ಇದ್ದದ್ದನ್ನು 2024ರ ಅಧ್ಯಯನವೊಂದು ತೋರಿಸಿದೆ. ಆದರೆ ಇದಕ್ಕೆ ವರ್ಷ ತಪ್ಪಿಸದ ಶಿಸ್ತು ಬೇಕು, ಖರ್ಚು ಬೇಕು, ಪ್ರತಿ ಸಲ ರಿಪೋರ್ಟು ಬರುವವರೆಗಿನ ಎದೆಬಡಿತ ತಡೆಯುವ ಗಟ್ಟಿತನ ಬೇಕು. ಎಲ್ಲ ಊರಿನ ಸ್ಕ್ಯಾನಿಂಗ್ ಸೆಂಟರಿನಲ್ಲೂ ಸ್ತನದ ಎಂಆರ್‌ಐಗೆ ಬೇಕಾದ ‘ಕಾಯಿಲ್’ ಅನ್ನುವ ವಿಶೇಷ ಉಪಕರಣ ಇರುವುದಿಲ್ಲ. ಜಿಲ್ಲಾ ಕೇಂದ್ರದಲ್ಲಿ ಇರುವವರು ವರ್ಷ ವರ್ಷ ಬೆಂಗಳೂರಿಗೋ ಮಂಗಳೂರಿಗೋ ಓಡಾಡಲು ಆಗುತ್ತದಾ ಅಂತ ಪ್ರಾಮಾಣಿಕವಾಗಿ ಯೋಚಿಸಿ. ಕೈಯಿಂದ ಆಗದ ತಪಾಸಣೆ ಕಾಗದದ ಮೇಲೆ ಚೆನ್ನಾಗಿದ್ದು ಏನು ಪ್ರಯೋಜನ?

ಇನ್ನೊಂದು, ಕ್ಯಾನ್ಸರ್ ಬರುವ ಮೊದಲೇ ಎರಡೂ ಸ್ತನ ತೆಗೆಸುವುದು. ಅಪಾಯ ಶೇ 90ಕ್ಕಿಂತ ಜಾಸ್ತಿ ಇಳಿಯುತ್ತದೆ. ಹಾಲಿವುಡ್ ನಟಿ ಆಂಜೆಲಿನಾ ಜೋಲಿ ತಾನು ಈ ಆಪರೇಷನ್ ಮಾಡಿಸಿಕೊಂಡದ್ದನ್ನು 2013ರಲ್ಲಿ ಬಹಿರಂಗವಾಗಿ ಬರೆದ ಮೇಲೆ ಈ ದಾರಿ ಜಗತ್ತಿಗೆಲ್ಲ ಗೊತ್ತಾಯಿತು. ಸ್ತನವನ್ನು ಮತ್ತೆ ಕಟ್ಟಿಕೊಡುವ ಆಪರೇಷನ್ ಇದೆ, ಆದರೆ ಸ್ಪರ್ಶ ಮೊದಲಿನಂತೆ ಇರುವುದಿಲ್ಲ. ಮಗುವಿಗೆ ಹಾಲು ಕೊಡುವುದು ಆಗುವುದಿಲ್ಲ. ಮದುವೆಯಾಗದ ಹೆಣ್ಣುಮಕ್ಕಳ ಮೇಲೆ ಮನೆಯವರ ಒತ್ತಡ ಎರಡೂ ಕಡೆಯಿಂದ ಇರುತ್ತದೆ, ‘ತೆಗೆಸಿಬಿಡು’ ಅಂತಲೂ, ‘ಈಗ ಬೇಡ, ಮದುವೆ ಆಗಲಿ’ ಅಂತಲೂ. ತೀರ್ಮಾನ ಅವಳದ್ದೇ ಆಗಿರಬೇಕು. ಅವಸರವೂ ಇಲ್ಲ. ಕೆಲವು ವರ್ಷ ಎಂಆರ್‌ಐ ಮಾಡಿಸಿಕೊಂಡು, ಮಕ್ಕಳಾದ ಮೇಲೆ ಆಪರೇಷನ್ ಕಡೆ ಹೋಗುವುದೂ ಸರಿಯೇ. ಹಾರ್ಮೋನಿನ ಪ್ರಭಾವ ತಡೆಯುವ ಟಮಾಕ್ಸಿಫೆನ್ ಮಾತ್ರೆ ನಡುವಿನ ದಾರಿ. ಬಿಆರ್‌ಸಿಎ2 ಇದ್ದವರಿಗೆ ಹೆಚ್ಚು ಕೆಲಸ ಮಾಡಬಹುದು ಅನ್ನುವ ಲೆಕ್ಕ ಇದೆ, ಯಾಕೆಂದರೆ ಅವರ ಗಡ್ಡೆಗಳು ಹೆಚ್ಚಾಗಿ ಹಾರ್ಮೋನಿಗೆ ಬಗ್ಗುವಂಥವು.

ಅಂಡಾಶಯದ ಮಾತೇ ಬೇರೆ. ಇಲ್ಲಿ ಕಾಯುವ ದಾರಿಯನ್ನು ನಾನು ಸಮಾನ ಆಯ್ಕೆ ಅಂತ ಬರೆಯಲಾರೆ. ಸಿಎ 125 ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್ ಮಾಡಿಸುತ್ತಾ ಕೂತರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಹೆಂಗಸರ ಮೇಲೆ ನಡೆದ ಅಧ್ಯಯನದ ಕೊನೆಯ ಲೆಕ್ಕ 2021ರಲ್ಲಿ ಬಂತು. ಈ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ. ಈ ಕ್ಯಾನ್ಸರ್ ಸದ್ದಿಲ್ಲದೆ ಹರಡುತ್ತದೆ. ಅದಕ್ಕೇ ಮಕ್ಕಳು ಸಾಕು ಅನಿಸಿದ ಮೇಲೆ, ಬಿಆರ್‌ಸಿಎ1 ಆದರೆ 35-40ರ ನಡುವೆ, ಬಿಆರ್‌ಸಿಎ2 ಆದರೆ 40-45ರ ನಡುವೆ ಅಂಡಾಶಯ ಮತ್ತು ಅಂಡನಾಳ ತೆಗೆಸಿ ಅನ್ನುವುದು ಸಲಹೆ. ಅಂಡನಾಳ ಬಿಡಬಾರದು, ಇಂಥ ಎಷ್ಟೋ ಕ್ಯಾನ್ಸರ್ ಹುಟ್ಟುವುದೇ ಅಲ್ಲಿ. ಅಪಾಯ ಸುಮಾರು ಶೇ 80ರಷ್ಟು ಕಡಿಮೆಯಾಗುತ್ತದೆ. ಬೆಲೆಯೂ ಇದೆ. ಮುಟ್ಟು ತಟ್ಟನೆ ನಿಲ್ಲುತ್ತದೆ, ಮೈ ಬಿಸಿ ಏರುತ್ತದೆ, ನಿದ್ದೆ ಹಾಳಾಗುತ್ತದೆ, ಮೂಳೆ ಸವೆಯುತ್ತದೆ. ಸ್ತನ ಕ್ಯಾನ್ಸರ್ ಆಗಿರದವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬಹುದಾ ಅಂತ ಆಪರೇಷನ್ನಿಗೆ ಮುಂಚೆಯೇ ಕೇಳಿ. ನಮ್ಮಲ್ಲಿ ‘ಗರ್ಭಕೋಶ ತೆಗೆಸಿದ್ದೀವಿ’ ಅಂತ ಹೇಳುವವರು ಅಂಡಾಶಯವೂ ಹೋಗಿದೆ ಅಂದುಕೊಂಡಿರುತ್ತಾರೆ. ಎಷ್ಟೋ ಸಲ ಅದನ್ನು ಉಳಿಸಿರುತ್ತಾರೆ. ಆಪರೇಷನ್ ಚೀಟಿ ತೆಗೆದು ನೋಡಿ.

ಲಿಂಚ್: ಇಲ್ಲಿ ತಪಾಸಣೆಯೇ ಗೆಲ್ಲುತ್ತದೆ

1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಅನ್ನುವ ವೈದ್ಯರಿಗೆ ಅವರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ತನ್ನ ಕಷ್ಟ ಹೇಳಿಕೊಂಡರು. ನಮ್ಮ ಮನೆಯಲ್ಲಿ ಎಲ್ಲರೂ ಹೊಟ್ಟೆಯ, ಗರ್ಭಕೋಶದ ಕ್ಯಾನ್ಸರಿನಿಂದಲೇ ಹೋಗಿದ್ದಾರೆ, ನಾನೂ ಹಾಗೇ ಹೋಗುತ್ತೇನೆ ಅಂದರು. ಹಾಗೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ವಾರ್ಥಿನ್ ಆ ಹೆಂಗಸಿನ ಮನೆತನವನ್ನು ಪಟ್ಟಿ ಮಾಡಿ 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಅನ್ನುವ ವೈದ್ಯರು ಅದೇ ಮನೆತನದ ಜಾಡು ಹಿಡಿದು ಕೆಲಸ ಮುಂದುವರಿಸಿದರು. 2000ದಲ್ಲಿ ಆ ಮನೆತನದ ಎಂಎಸ್‌ಎಚ್2 ಜೀನಿನಲ್ಲಿ ದೋಷ ಸಿಕ್ಕಿತು. ಆ ಹೊಲಿಗೆಯ ಹೆಂಗಸಿನ ಕೈಯಲ್ಲಿ ಆಗ ಏನೂ ಇರಲಿಲ್ಲ. ಈಗ ಇದೆ.

ಲಿಂಚ್ ಜೀನುಗಳಲ್ಲಿ ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಕೆಟ್ಟಿದ್ದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಹತ್ತಿರಹತ್ತಿರ ಅರ್ಧ. ಪಿಎಂಎಸ್2 ಆದರೆ ಅದಕ್ಕಿಂತ ತುಂಬಾ ಕಡಿಮೆ. ಎಂಎಲ್‌ಎಚ್1, ಎಂಎಸ್‌ಎಚ್2 ಇದ್ದವರಿಗೆ 20-25ರ ವಯಸ್ಸಿನಿಂದ ವರ್ಷ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ದೊಡ್ಡ ಕರುಳಿನ ಒಳಗೆ ನೋಡುವುದು) ಮಾಡಿ, ಕಂಡ ಪಾಲಿಪ್ (ಕರುಳಿನ ಒಳಗೋಡೆಯ ಚಿಕ್ಕ ಗಂಟು) ಅಲ್ಲೇ ತೆಗೆಯುತ್ತಾರೆ. ಇಲ್ಲಿ ತಪಾಸಣೆ ಕ್ಯಾನ್ಸರನ್ನು ಬೇಗ ಹುಡುಕುವುದಷ್ಟೇ ಅಲ್ಲ, ಬರದಂತೆಯೂ ತಡೆಯುತ್ತದೆ. ಫಿನ್ಲೆಂಡಿನಲ್ಲಿ 15 ವರ್ಷ ನಡೆದ ಅಧ್ಯಯನದಲ್ಲಿ ತಪಾಸಣೆ ಮಾಡಿಸಿಕೊಂಡವರಿಗೆ ಕರುಳಿನ ಕ್ಯಾನ್ಸರ್ ಶೇ 62ರಷ್ಟು ಕಡಿಮೆ ಬಂತು. ಹಿಂದಿನ ರಾತ್ರಿ ಕರುಳು ಖಾಲಿ ಮಾಡುವ ಔಷಧ ಕುಡಿಯುವುದು ಹಿಂಸೆ, ನಿಜ. ಆದರೂ ಈ ಗೈಡಿನಲ್ಲಿರುವ ಎಲ್ಲ ಆಯ್ಕೆಗಳಲ್ಲಿ ಕಡಿಮೆ ಕಳೆದುಕೊಂಡು ಜಾಸ್ತಿ ಗಳಿಸುವುದು ಇದರಲ್ಲೇ.

ಜೊತೆಗೆ ಆಸ್ಪಿರಿನ್. ಲಿಂಚ್ ಇರುವ 861 ಜನರ ಮೇಲೆ ನಡೆದ ‘ಕ್ಯಾಪ್2’ ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಕೊಟ್ಟರು. ಸರಾಸರಿ ಹತ್ತು ವರ್ಷ ಗಮನಿಸಿದ ಮೇಲೆ ಕರುಳಿನ ಕ್ಯಾನ್ಸರ್ ಆಸ್ಪಿರಿನ್ ತಗೊಂಡವರಲ್ಲಿ ಶೇ 9, ತಗೊಳ್ಳದವರಲ್ಲಿ ಶೇ 13. ಹೊಟ್ಟೆಹುಣ್ಣು, ರಕ್ತಸ್ರಾವದ ಅಪಾಯ ಇರುವುದರಿಂದ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಉಳಿದವು ಬೇಗ ಹೇಳಿಬಿಡುತ್ತೇನೆ. ಎಪಿಸಿ ಜೀನ್ ದೋಷದಿಂದ ಕರುಳಿನಲ್ಲಿ ನೂರಾರು ಪಾಲಿಪ್ ಬರುವ ಕಾಯಿಲೆಯಲ್ಲಿ ಸುಮ್ನೆ ಬಿಟ್ಟರೆ ಕ್ಯಾನ್ಸರ್ ಹೆಚ್ಚುಕಡಿಮೆ ಖಂಡಿತ, ಅಲ್ಲಿ ಆಪರೇಷನ್ನೇ ದಾರಿ. ಟಿಪಿ53 ದೋಷ ಇದ್ದವರಿಗೆ ರೇಡಿಯೇಷನ್ ಸಾಧ್ಯವಾದಷ್ಟು ತಪ್ಪಿಸುತ್ತಾರೆ, ಆದ್ದರಿಂದ ಚಿಕಿತ್ಸೆಗೆ ಮುಂಚೆಯೇ ಗೊತ್ತಾಗುವುದು ಒಳ್ಳೆಯದು.

ಗಂಡಸರು, ಮಕ್ಕಳು, ಸಂಬಂಧದಲ್ಲಿ ಮದುವೆ

ಬಿಆರ್‌ಸಿಎ ಹೆಂಗಸರ ವಿಷಯ ಅಂತ ಗಂಡಸರು ಜಾರಿಕೊಳ್ಳುತ್ತಾರೆ. ಬಿಆರ್‌ಸಿಎ2 ಕೆಟ್ಟಿದ್ದರೆ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಏರುತ್ತದೆ, 40ರಿಂದ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆ ಮಾಡಿಸುವ ಸಲಹೆ ಇದೆ. ಅವರ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ದೋಷ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕ ಮಕ್ಕಳಿಗೆ ಬಿಆರ್‌ಸಿಎ ಟೆಸ್ಟ್ ಬೇಡ, 18 ಆಗಿ ಅವರೇ ತೀರ್ಮಾನಿಸಲಿ. ಕಣ್ಣಿನ ಕ್ಯಾನ್ಸರಿನ ಆರ್‌ಬಿ1, ಕರುಳಿನ ಎಪಿಸಿ, ಥೈರಾಯ್ಡಿನ ಆರ್‌ಇಟಿ ಜೀನುಗಳನ್ನು ಮಾತ್ರ ಮಕ್ಕಳಲ್ಲೇ ನೋಡುತ್ತಾರೆ, ಯಾಕೆಂದರೆ ಅಲ್ಲಿ ಬಾಲ್ಯದಲ್ಲೇ ಮಾಡುವ ಕೆಲಸವಿದೆ.

ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಮಾಮೂಲು. ಹಾಗೆ ಮದುವೆಯಾದ ಇಬ್ಬರಲ್ಲೂ ಒಂದೇ ಅಜ್ಜಿಯಿಂದ ಬಂದ ಬಿಆರ್‌ಸಿಎ2 ಅಥವಾ ಪಿಎಎಲ್‌ಬಿ2 ದೋಷ ಇದ್ದರೆ, ಮಗುವಿಗೆ ಎರಡೂ ಪ್ರತಿ ಕೆಟ್ಟದ್ದೇ ಬಂದು ಫ್ಯಾಂಕೋನಿ ಅನೀಮಿಯಾ ಅನ್ನುವ ಗಂಭೀರ ಕಾಯಿಲೆ ಬರಬಹುದು. ಲಿಂಚ್ ಜೀನುಗಳಲ್ಲೂ ಹೀಗಾದರೆ ಬಾಲ್ಯದಲ್ಲೇ ಮಿದುಳಿನ, ರಕ್ತದ, ಕರುಳಿನ ಕ್ಯಾನ್ಸರ್. ಆದ್ದರಿಂದ ಮನೆತನದಲ್ಲಿ ದೋಷ ಗೊತ್ತಿದ್ದು, ಸಂಬಂಧದಲ್ಲೇ ಮದುವೆಯ ಮಾತು ನಡೆಯುತ್ತಿದ್ದರೆ ಹುಡುಗ ಹುಡುಗಿ ಇಬ್ಬರೂ ಮೊದಲು ಆ ಒಂದು ಬದಲಾವಣೆಯ ಟೆಸ್ಟ್ ಮಾಡಿಸಲಿ.

ಎಲ್ಲಿ ಹೋಗೋದು, ಇನ್ಶೂರೆನ್ಸ್, ಮನೆಯವರಿಗೆ ಹೇಳೋದು

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೆ ಎಲ್ಲರಿಗೂ ಗೊತ್ತು. ಜೆನೆಟಿಕ್ ಕೌನ್ಸೆಲಿಂಗ್‌ಗೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗವನ್ನು ವಿಚಾರಿಸಬಹುದು. ‘ಜೆನೆಟಿಕ್’ ಅನ್ನುವ ಒಂದೇ ನೆಪಕ್ಕೆ ಆರೋಗ್ಯ ವಿಮೆಯ ಹಣ ತಡೆಹಿಡಿಯುವುದು ತಾರತಮ್ಯ ಅಂತ ದೆಹಲಿ ಹೈಕೋರ್ಟು 2018ರಲ್ಲಿ ಹೇಳಿದೆ. ಹಾಗಂತ ಹೊಸ ಪಾಲಿಸಿ ಮಾಡಿಸುವಾಗ ಫಾರಂನಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಬರೆಯಬೇಡಿ. ಪಾಲಿಸಿ ಬೇಕಿದ್ದರೆ ಟೆಸ್ಟಿಗೆ ಮುಂಚೆ ಮಾಡಿಸಿಕೊಳ್ಳುವುದು ಜಾಣತನ.

ಪಾಸಿಟಿವ್ ಬಂದ ಮೇಲೆ ರಕ್ತಸಂಬಂಧಿಗಳಿಗೆ ಹೇಳುವುದು ಕಷ್ಟದ ಕೆಲಸ. ಮಗಳ ಮದುವೆಗೆ ಅಡ್ಡಿ ಆಗುತ್ತದೆ ಅನ್ನುವ ಭಯಕ್ಕೆ ಎಷ್ಟೋ ಮನೆಗಳಲ್ಲಿ ಮುಚ್ಚಿಡುತ್ತಾರೆ. ಭಯ ಅರ್ಥವಾಗುವಂಥದ್ದೇ. ಆದರೆ ಮುಚ್ಚಿಟ್ಟರೆ ಚಿಕ್ಕಮ್ಮನ ಮಗಳು ತಪಾಸಣೆಯ ಅವಕಾಶ ಕಳೆದುಕೊಳ್ಳುತ್ತಾಳೆ. ಫ್ಯಾಮಿಲಿ ಗ್ರೂಪಿನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೇ ಹೇಳಿ. ಫೋನಿನಲ್ಲಿ ಮಾತು ಬರದಿದ್ದರೆ ಇಷ್ಟು ಬರೆದು ಕಳಿಸಿ: ‘ಅಕ್ಕಾ, ನನ್ನ ರಕ್ತದಲ್ಲಿ ಬಿಆರ್‌ಸಿಎ1 ಜೀನಿನ ದೋಷ ಸಿಕ್ಕಿದೆ. ನಮ್ಮ ಅಮ್ಮಂದಿರು ಅಕ್ಕತಂಗಿಯರಾದ್ದರಿಂದ ನಿನಗೂ, ಅಣ್ಣನಿಗೂ ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ಜಾಗ ನೋಡುವ ಚಿಕ್ಕ ಟೆಸ್ಟ್ ಸಾಕು. ರಿಪೋರ್ಟಿನ ಪ್ರತಿ ಜೊತೆಗೆ ಕಳಿಸಿದ್ದೇನೆ. ಮಾಡಿಸುವುದು ಬಿಡುವುದು ನಿನಗೆ ಬಿಟ್ಟದ್ದು, ಜೊತೆಗೆ ಬಾ ಅಂದರೆ ಬರುತ್ತೇನೆ.’ ರಿಪೋರ್ಟಿನ ಪ್ರತಿ ಮರೆಯಬೇಡಿ. ಬದಲಾವಣೆಯ ಪೂರ್ತಿ ಹೆಸರು ಇಲ್ಲದಿದ್ದರೆ ಲ್ಯಾಬಿನವರಿಗೆ ಎಲ್ಲಿ ನೋಡಬೇಕು ಅಂತ ತಿಳಿಯುವುದಿಲ್ಲ, ಅವರೂ ಮತ್ತೆ ಪ್ಯಾನೆಲ್ಲಿಗೇ ದುಡ್ಡು ಕಟ್ಟಬೇಕಾಗುತ್ತದೆ.